ತಂಗಿ ತಂದ ಬಿಳಿ ಮೊಲ

ನನ್ನ ಕರಿಯ ಬೇರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಅದು ನನ್ನ ದೊಡ್ಡ ಹೆಮ್ಮೆ. ಚೆಂಬೂರಿನಲ್ಲಿ ಮೂರನೆಯ ಮಹಡಿಯ ನಮ್ಮ ಮನೆಗೆ ಬಂದವರೆಲ್ಲ ಆ ಕಪ್ಪು ಮೊಲವನ್ನು ಒಮ್ಮೆ ಮುಟ್ಟಲು ಆಸೆಪಡುತ್ತಿದ್ದರು. ಎದುರುಮನೆಯ ತಮಿಳು ಮಾಮಿಯಂತೂ ತರಕಾರಿ ತಂದಾಗಲೆಲ್ಲ ಮೂಲಂಗಿ ಸೊಪ್ಪು ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಅವನು ಸೋಫಾದ ಕೆಳಗೆ ನುಗ್ಗಿ, ಹಿಂಗಾಲಿನಿಂದ ನೆಲವನ್ನು ಧಪ್ಪೆಂದು ಬಡಿದು, ಅವರು ಹೋಗುವ ತನಕ ಮುಖ ತೋರಿಸುತ್ತಿರಲಿಲ್ಲ. ಸಂಜೆ ದಾದರಿನ ಆಫೀಸಿನಿಂದ ಬಂದು ನಾನು ಚಪ್ಪಲಿ ಬಿಡುವಾಗ ಮಾತ್ರ ಎಲ್ಲಿದ್ದರೂ ಓಡಿ ಬಂದು ನನ್ನ ಕಾಲ ಸುತ್ತ ಗಿರಗಿರನೆ ಸುತ್ತುತ್ತಿದ್ದ. ನೆಲದ ಮೇಲೆ ಕುಳಿತರೆ ಮಣಿಕಟ್ಟು ನೆಕ್ಕುತ್ತಿದ್ದ. ಸೊಪ್ಪನ್ನು ನನ್ನ ಕೈಯಿಂದಲ್ಲದೆ ತಿನ್ನುತ್ತಿರಲಿಲ್ಲ.

"ಮದುವಿ ಆಗಂದ್ರ ಒಲ್ಲೆ ಅಂದಿ. ಈಗ ನೋಡು, ಮೊಲದ ಕೂಡ ಸಂಸಾರ ಮಾಡಾಕತ್ತೀ," ಎಂದು ಅವ್ವ ನಗುತ್ತಿದ್ದಳು.

ಅಪ್ಪ ಬೆಳಗಾವಿ ಕಡೆಯಿಂದ ಬಂದು ಇಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿದು ಈ ಮನೆ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವ್ವ, ನಾನು, ಆಮೇಲೆ ಬಂದ ಕರಿಯ. ನನಗಿಂತ ಚಿಕ್ಕವಳಾದ ತಂಗಿ ಮದುವೆಯಾಗಿ ಮಲಾಡಿನಲ್ಲಿದ್ದಳು.

ತಂಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ಯಾರಿಂದಲೂ ಏನನ್ನೂ ಕಸಿದುಕೊಂಡವಳಲ್ಲ. ಸುಮ್ಮನೆ ಕುಳಿತಿರುತ್ತಿದ್ದಳು, ಎಲ್ಲವೂ ತಾವಾಗಿ ಅವಳ ಕಡೆಗೆ ಹೋಗುತ್ತಿದ್ದವು. ಬಿಲ್ಡಿಂಗಿನ ಬೆಕ್ಕಿಗೆ ದಿನಾ ಹಾಲು ಹಾಕುತ್ತಿದ್ದವಳು ನಾನು, ಅದು ಹೋಗಿ ಮಲಗುತ್ತಿದ್ದದ್ದು ಅವಳ ತೊಡೆಯ ಮೇಲೆ. ನನ್ನ ಜೊತೆ ಓದಲು ಬಂದ ಗೆಳತಿ ಪುಸ್ತಕ ಮುಚ್ಚಿಟ್ಟು ಅವಳ ಜೊತೆ ಆಡುತ್ತಿದ್ದಳು. ಊರಿನಿಂದ ಬಂದ ಸೋದರತ್ತೆ ನನಗೆಂದು ತಂದ ಬಳೆಗಳನ್ನು ಮರುದಿನ ಬೆಳಿಗ್ಗೆ "ಸಣ್ಣಾಕಿ ಕೈಗೆ ಚಂದ ಕಾಣ್ತಾವು" ಎಂದು ಅವಳಿಗೆ ತೊಡಿಸುತ್ತಿದ್ದಳು. ಕಸಿದುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಅದಕ್ಕೂ ಅವಳು ಅವಕಾಶ ಕೊಡಲಿಲ್ಲ.

ಮಲಾಡಿನ ಅವಳ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ತನಕ ಎಲ್ಲರೂ ಬೇರೆ ಕಡೆ ಬಾಡಿಗೆಗೆ ಇರಬೇಕಿತ್ತು. ಅದೇ ಹೊತ್ತಿಗೆ ಅವಳ ಗಂಡನನ್ನು ಕಂಪನಿಯವರು ಕೆಲವು ತಿಂಗಳಿಗೆಂದು ಮಸ್ಕತ್ತಿಗೆ ಕಳಿಸಿದರು. ಒಬ್ಬಳೇ ಬಾಡಿಗೆ ಮನೆಯಲ್ಲಿ ಯಾಕಿರಬೇಕು, ಇಲ್ಲಿಗೇ ಬಾ ಎಂದು ಅವ್ವ ಕರೆದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಬೇಡ ಎನ್ನುತ್ತಿರಲಿಲ್ಲ, ಆದರೆ ಕೇಳಬಹುದಿತ್ತು. ಅವಳು ಬರುವ ಹಿಂದಿನ ದಿನ ಅವ್ವ ಮೊಣಕಾಲು ನೋವನ್ನೂ ಮರೆತು ಶೇಂಗಾ ಹೋಳಿಗೆ ಮಾಡಿದಳು. ತಂಗಿಗೆ ಅದು ಬಹಳ ಇಷ್ಟ. ನನಗೆ ಏನು ಇಷ್ಟವೆಂದು ಯಾರಾದರೂ ಕೇಳಿದ್ದರೆ ಅವ್ವ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಟ್ಯಾಕ್ಸಿಯಿಂದ ಸೂಟ್‌ಕೇಸುಗಳು, ಲ್ಯಾಪ್‌ಟಾಪಿನ ಚೀಲ, ಕೊನೆಗೆ ಒಂದು ಪಂಜರ ಇಳಿದವು. ಅವಳೂ ಒಂದು ಮೊಲ ಸಾಕಿದ್ದಾಳೆಂದು ನನಗೆ ಗೊತ್ತಿತ್ತು, ಫೋಟೋದಲ್ಲಿ ನೋಡಿದ್ದೆ. ಎದುರಿಗೆ ನೋಡಿದಾಗ ಅದು ಇನ್ನೂ ಚೆಲುವಾಗಿತ್ತು. ಹತ್ತಿಯಂತೆ ಬೆಳ್ಳಗೆ, ಕಾಡಿಗೆ ತೀಡಿದಂಥ ಕಣ್ಣು. ಮೆಟ್ಟಿಲು ಹತ್ತುವಷ್ಟರಲ್ಲಿ ಇಡೀ ಬಿಲ್ಡಿಂಗಿನವರು ಅದನ್ನು ನೋಡಿ ಆಗಿತ್ತು. ತಮಿಳು ಮಾಮಿ ಪಂಜರದೊಳಗೆ ಬೆರಳು ಹಾಕಿದರು, ಬಿಳಿ ಮೊಲ ಸುಮ್ಮನೆ ಕುಳಿತು ಮುಟ್ಟಿಸಿಕೊಂಡಿತು. "ಇದು ಎಷ್ಟು ಸಾಧು," ಎಂದು ಮಾಮಿ ನನ್ನ ಕಡೆ ನೋಡಿದರು.

ಒಳಗೆ ಬಂದ ತಂಗಿ ಚಪ್ಪಲಿ ಬಿಟ್ಟವಳೇ ಪಂಜರವನ್ನು ಹಾಲಿನ ನಡುವೆ ಇಟ್ಟಳು. "ಅಕ್ಕಾ, ಇಬ್ರನ್ನೂ ಮಿಲಾಯಿಸಿ ಬಿಡೋಣ. ಫಟಾಫಟ್ ದೋಸ್ತಿ ಆಗ್ತಾರ."

"ಬ್ಯಾಡ. ಮೊದಲು ಡಾಕ್ಟರನ್ನ ಕೇಳೋಣ," ಎಂದೆ.

"ಅರೇ, ಏನೂ ಆಗಂಗಿಲ್ಲ," ಎಂದು ಪಂಜರದ ಬಾಗಿಲು ತೆರೆದೇಬಿಟ್ಟಳು.

ಬಿಳಿ ಹೊರಗೆ ಬಂದು ಮೂಗು ಅಲ್ಲಾಡಿಸಿತು, ಅಷ್ಟೇ. ಸೋಫಾದ ಕೆಳಗಿನಿಂದ ಕರಿಯ ಬಾಣದಂತೆ ಬಂದ. ಎರಡೂ ಒಂದರ ಬಾಲಕ್ಕೆ ಇನ್ನೊಂದು ಬಾಯಿ ಹಾಕಿ ಚಕ್ರದಂತೆ ತಿರುಗಿದವು. ಕಪ್ಪು ಬಿಳಿ ಕೂದಲು ಗಾಳಿಯಲ್ಲಿ ಹಾರಿತು. ನಾನು ಕೈ ಹಾಕಿ ಕರಿಯನನ್ನು ಎತ್ತಲು ಹೋದೆ. ಅವನು ನನ್ನ ಬೆರಳನ್ನು ಕಚ್ಚಿದ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಹಿಡಿದೇ ಬಂದು ಅದನ್ನು ಎರಡರ ನಡುವೆ ಅಡ್ಡ ಇಟ್ಟಳು. ಕಾಳೆಲ್ಲ ಚೆಲ್ಲಿತು, ಜಗಳ ನಿಂತಿತು.

"ಏನ್ ಗದ್ಲಾನವಾ ಇದು! ತವರುಮನಿಗೆ ಬಂದವರನ್ನ ಹಿಂಗ ಕಡೀತಾರ? ನಿನ್ನ ಕರಿಯಗ ಸ್ವಲ್ಪ ಬುದ್ಧಿ ಹೇಳು," ಎಂದು ಅವ್ವ ನನ್ನನ್ನೇ ಬೈದಳು.

"ಕಡಸ್ಕೊಂಡಾಕಿ ನಾನವಾ," ಎಂದು ಬೆರಳು ತೋರಿಸಿದೆ.

ಅವ್ವ ಅರಿಸಿನ ಹಚ್ಚಿದಳು. ಹಚ್ಚುತ್ತಲೇ ತಂಗಿಗೆ, "ನಿನಗೇನೂ ಆಗಿಲ್ಲಲ್ಲ?" ಎಂದು ಕೇಳಿದಳು.

ಮರುದಿನ ಇಬ್ಬರೂ ಎರಡು ಮೊಲಗಳನ್ನು ಪ್ರಾಣಿವೈದ್ಯರ ಬಳಿಗೆ ಒಯ್ದೆವು. ಡಾಕ್ಟರ್ ಮರಾಠಿ ಹೆಂಗಸು, ಮಾತು ಕಡಿಮೆ. ಕರಿಯನಿಗೆ ಮರಿಯಾಗದ ಆಪರೇಷನ್ ಹಿಂದೆಯೇ ಆಗಿತ್ತು. ಬಿಳಿಗೂ ಮಾಡಿಸಿ, ಕೆಲವು ವಾರ ಕಾಯಬೇಕು ಎಂದರು. ಆಮೇಲೂ ಒಮ್ಮೆಲೇ ಬಿಡುವಂತಿಲ್ಲ. ನಡುವೆ ಜಾಲರಿ ಇಟ್ಟು ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಬೇಕು. ನಂತರ ಎರಡಕ್ಕೂ ಸೇರದ ಹೊಸ ಜಾಗದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಭೇಟಿ ಮಾಡಿಸಬೇಕು. ಮೊಲಕ್ಕೆ ತನ್ನ ಜಾಗದ ಮೇಲೆ ಬಹಳ ಹಟ, ಅದರ ಮನೆಯೊಳಗೆ ಇನ್ನೊಂದನ್ನು ತಂದು ಬಿಟ್ಟರೆ ಜಗಳವಾಗದೆ ಇರುತ್ತದೆಯೇ ಎಂದು ಅವರು ಕೇಳಿದಾಗ ನಾನು ತಂಗಿಯ ಮುಖ ನೋಡಲಿಲ್ಲ.

"ಬೇರೆ ಬೇರೆ ಕೋಣೆಯಲ್ಲೇ ಇಟ್ಟರೆ ಆಗುವುದಿಲ್ಲವೇ?" ಎಂದು ನಾನು ಕೇಳಿದೆ.

ಆಗುತ್ತದೆ ಎಂದರು ಡಾಕ್ಟರ್. ಆದರೆ ನೀವು ಇಡೀ ದಿನ ಆಫೀಸಿನಲ್ಲಿರುತ್ತೀರಿ, ನಿಮ್ಮ ಮೊಲ ಇಡೀ ದಿನ ಒಬ್ಬಂಟಿ. ಮೊಲಕ್ಕೆ ಮೊಲದ ಜೊತೆ ಬೇಕು, ಅದನ್ನು ನೀವು ಕೊಡಲಾರಿರಿ ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ಒಮ್ಮೆ ಜೋಡಿಯಾದರೆ ಮತ್ತೆ ಅಗಲಿಸಬೇಡಿ, ಯೋಚಿಸಿ ಮಾಡಿ.

ರಿಕ್ಷಾದಲ್ಲಿ ಮನೆಗೆ ಬರುವಾಗ ತಂಗಿ ಹುರುಪಿನಿಂದ ಮಾತಾಡುತ್ತಿದ್ದಳು. ನನ್ನ ಕಿವಿಗೆ ಏನೂ ಬೀಳಲಿಲ್ಲ. ನನ್ನ ಕಾಲ ಸುತ್ತ ಸುತ್ತುತ್ತಿದ್ದವನು ಸಂತೋಷದಿಂದ ಸುತ್ತುತ್ತಿದ್ದನೇ, ಅಥವಾ ದಿನವಿಡೀ ಒಂಟಿಯಾಗಿದ್ದು ಬೇಸತ್ತು ಸುತ್ತುತ್ತಿದ್ದನೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದ್ದಕ್ಕೆ ಡಾಕ್ಟರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತೊಡೆಯ ಮೇಲಿನ ಪಂಜರದಲ್ಲಿ ಸಾಧುವಾಗಿ ಕುಳಿತಿದ್ದ ಆ ಬಿಳಿಯ ಮೇಲೆ.

ಬಿಳಿಯ ಆಪರೇಷನ್ ಆಯಿತು, ಗಾಯ ಮಾಯಿತು. ಹಾಲನ್ನು ತಂತಿ ಜಾಲರಿಯಿಂದ ಎರಡು ಭಾಗ ಮಾಡಿದೆವು. ಕಿಟಕಿಯ ಕಡೆ ಕರಿಯ, ಟಿವಿಯ ಕಡೆ ಬಿಳಿ. ಅವ್ವ ಟಿವಿ ನೋಡಬೇಕಾದರೆ ಜಾಲರಿ ದಾಟಿ ಹೋಗಬೇಕಿತ್ತು, ಸೀರೆಯ ನೆರಿಗೆ ಎತ್ತಿ ಹಿಡಿದು ದಾಟುವಾಗಲೆಲ್ಲ ಒಂದು ಬೈಗುಳ ಬೀಳುತ್ತಿತ್ತು. ಅದರ ಹಾಸುಬಟ್ಟೆ ಇದಕ್ಕೆ, ಇದರದು ಅದಕ್ಕೆ ಅದಲುಬದಲು ಮಾಡುತ್ತಿದ್ದೆವು. ಜಾಲರಿಯ ಎರಡು ಬದಿಗೂ ಒಂದೇ ಹೊತ್ತಿಗೆ ಸೊಪ್ಪು ಇಡುತ್ತಿದ್ದೆವು. ಮೊದಮೊದಲು ಕರಿಯ ತಂತಿಯನ್ನೇ ಕಡಿಯುತ್ತಿದ್ದ. ಆಮೇಲಾಮೇಲೆ ಬೆನ್ನು ತಿರುಗಿಸಿ ತಿನ್ನತೊಡಗಿದ.

ಆದರೆ "ಮಾಡುತ್ತಿದ್ದೆವು" ಎಂದರೆ ಹೆಚ್ಚು ಮಾಡುತ್ತಿದ್ದವಳು ತಂಗಿಯೇ. ಅವಳದು ಮನೆಯಿಂದಲೇ ಕೆಲಸ, ಲ್ಯಾಪ್‌ಟಾಪ್ ಹಿಡಿದು ಜಾಲರಿಯ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ನಾನು ಬೆಳಿಗ್ಗೆ ಹೋದರೆ ಸಂಜೆ. ಅವಳು ನನಗೆ ವಿಡಿಯೋ ಕಳಿಸುತ್ತಿದ್ದಳು. ಒಂದು ಸಂಜೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ, ಒಂದು ಕೈಯಲ್ಲಿ ಹಿಡಿಕೆ ಒಂದು ಕೈಯಲ್ಲಿ ಫೋನು, ಜನರ ನಡುವೆ ಒತ್ತಿಕೊಂಡು ನಿಂತು ವಿಡಿಯೋ ತೆರೆದೆ. ತಂಗಿಯ ಕೈ, ಕೈಯಲ್ಲಿ ಕೊತ್ತಂಬರಿ. ಕರಿಯ ಮೆಲ್ಲಗೆ ಬಂದು ಒಂದೊಂದೇ ಎಲೆ ಎಳೆದು ತಿಂದ. ತಿಂದು ಮುಗಿಸಿ ಅವಳ ಬೆರಳನ್ನು ಮೂಸಿದ. ಹಿಂದಿನಿಂದ ಅವ್ವನ ದನಿ: "ನೋಡಲ್ಲಿ, ನಿನ್ನ ಕೈಲೆ ಎಷ್ಟ್ ಚಂದ ತಿಂತಾನ!"

ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ಫೋನಿನೊಳಗೆ ಇಣುಕಿ, "ಕಿತನಾ ಕ್ಯೂಟ್ ಹೈ! ಆಪ್ಕಾ ಹೈ?" ಎಂದಳು. ಹೌದು, ನನ್ನದೇ ಎನ್ನುವ ಬದಲು ಫೋನನ್ನು ಚೀಲಕ್ಕೆ ತುರುಕಿದೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗಲೂ ಆ ಬೆರಳು ಮೂಸಿದ್ದೇ ಕಣ್ಣ ಮುಂದೆ.

ಮನೆಗೆ ಬಂದವಳೇ ಕೇಳಿದೆ, "ಅವನಿಗೆ ನೀ ಯಾಕ ತಿನಸ್ತೀ?"

"ಹಸಿವಾಗಿತ್ತು ಅವನಿಗೆ."

"ಹಸಿವಾದ್ರ ತಾಟಿನ್ಯಾಗ ಹಾಕು. ಕೈಲೆ ಯಾಕ?"

ತಂಗಿ ಲ್ಯಾಪ್‌ಟಾಪ್ ಮುಚ್ಚಿದಳು. "ಅಕ್ಕಾ, ಸೀರಿಯಸ್ಲಿ? ಕೊತ್ತಂಬರಿಗೆ ಜಗಳಾ?"

"ಕೊತ್ತಂಬರಿಗೆ ಅಲ್ಲ."

"ಮತ್ತ ಯಾವುದಕ್ಕ?"

ಅವ್ವ ಒಳಗಿನಿಂದಲೇ ಕೂಗಿದಳು, "ಸಣ್ಣವರಿದ್ದಾಗ ಒಂದು ಗೊಂಬಿಗೆ ಬಡದಾಡ್ತಿದ್ರಿ. ಈಗ ಮೊಲಕ್ಕ. ಕೂದಲಾ ಬೆಳ್ಳಗಾಗಾಕತ್ತಾವು, ಬುದ್ಧಿ ಬರೂದು ಯಾವಾಗ?"

"ಗೊಂಬಿ ನಂದಾಗಿತ್ತು," ಎಂದೆ. ತಂಗಿಗೆ ನಗು ಬಂತು, ನನಗೆ ಬರಲಿಲ್ಲ. ಆ ರಾತ್ರಿ ನಾನು ಬಿಳಿಯ ಬದಿಗೆ ಹೋಗಿ ಕುಳಿತು ಅದಕ್ಕೆ ಕೈಯಿಂದ ಸೊಪ್ಪು ಕೊಡಲು ನೋಡಿದೆ, ಸೇಡಿಗೆ. ಅದು ನನ್ನ ಕೈ ಕಂಡು ಮೂಲೆಗೆ ಸರಿದು ನಡುಗಿತು. ಆಗ ನನಗೆ ಅಚ್ಚರಿಯಾಯಿತು. ಎಲ್ಲರಿಂದ ಮುಟ್ಟಿಸಿಕೊಳ್ಳುವ ಈ ಸಾಧು ಪ್ರಾಣಿ ಸಾಧುವಲ್ಲ, ಹೆದರುಪುಕ್ಕಲು. ಹೆದರಿ ಕಲ್ಲಾಗಿ ಕೂರುತ್ತಿತ್ತು, ನಾವು ಅದನ್ನು ಒಳ್ಳೆಯತನ ಎಂದುಕೊಂಡಿದ್ದೆವು.

ಭೇಟಿ ಮಾಡಿಸಲು ಹೊಸ ಜಾಗ ಬೇಕಿತ್ತು. ಮನೆಯೆಲ್ಲ ಕರಿಯನದೇ, ಬಾತ್‌ರೂಮಿನಲ್ಲಿ ಇಬ್ಬರು ಮನುಷ್ಯರು ಎರಡು ಮೊಲ ಹಿಡಿಸುವುದಿಲ್ಲ. ಕೊನೆಗೆ ನಮ್ಮ ಬಿಲ್ಡಿಂಗಿನ ತುದಿಯಲ್ಲಿ ಟೆರೇಸಿನ ಬಾಗಿಲ ಮುಂದೆ ಇರುವ ಚೌಕ ಸಿಕ್ಕಿತು. ಟೆರೇಸಿಗೆ ಬೀಗ, ಹೀಗಾಗಿ ಅತ್ತ ಯಾರೂ ಸುಳಿಯುವುದಿಲ್ಲ. ಹಳೆಯ ಚಾದರ ಹಾಸಿ, ಮೆಟ್ಟಿಲಿಗೆ ರಟ್ಟು ಅಡ್ಡ ಇಟ್ಟು, ಇಬ್ಬರೂ ಎದುರುಬದುರು ಕುಳಿತೆವು. ಜಗಳ ಬಂದರೆ ಬಿಡಿಸಲು ನನ್ನ ಕೈಗೆ ದಪ್ಪ ಕಾಲುಚೀಲ ಹಾಕಿಕೊಂಡಿದ್ದೆ.

ಮೊದಲ ದಿನಗಳಲ್ಲಿ ಕರಿಯ ಅಟ್ಟಿಸಿಕೊಂಡು ಹೋಗುವುದು, ಬಿಳಿ ತಂಗಿಯ ಬೆನ್ನ ಹಿಂದೆ ಅಡಗುವುದು. ಕಚ್ಚಾಟ ಮೊದಲಾಗುವ ಮುಂಚೆಯೇ ಎತ್ತಿಕೊಂಡು ಕೆಳಗೆ ಬರುತ್ತಿದ್ದೆವು. ಆಮೇಲೆ ಮೊಲಗಳೆರಡೂ ಚೌಕದ ಎರಡು ಮೂಲೆಗಳಲ್ಲಿ ಕುಳಿತು, ಇನ್ನೊಂದು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮುಖ ತೊಳೆದುಕೊಳ್ಳತೊಡಗಿದವು. ನಮಗೂ ಕೆಲಸವಿಲ್ಲ. ಫೋನು ನೋಡುವಂತಿಲ್ಲ, ಕಣ್ಣು ಮೊಲಗಳ ಮೇಲೆಯೇ ಇರಬೇಕು. ಹಾಗಾಗಿ ಮಾತಾಡಿದೆವು. ಮದುವೆಯಾದ ಮೇಲೆ ತಂಗಿ ಇಷ್ಟು ಹೊತ್ತು ನನ್ನ ಎದುರು ಕುಳಿತದ್ದು ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳು ಚಾದರದ ಅಂಚು ಮಡಚುತ್ತ, "ಅಕ್ಕಾ, ನಾ ಮೊಲಾ ಯಾಕ ತಂದೆ ಗೊತ್ತೇನು?" ಎಂದಳು.

"ಯಾಕ?"

"ನಿಂದು ನೋಡಿ. ದೀಪಾವಳಿಗೆ ಬಂದಾಗ ಇವ ನಿನ್ನ ಸುತ್ತ ಸುತ್ತಾಕತ್ತಿದ್ದ. ನನ್ನ ಹತ್ರ ಬರ್ಲೇ ಇಲ್ಲ, ಎಷ್ಟು ಕರದ್ರೂ. ಜಲನ್ ಆತು ನನಗ, ಹೊಟ್ಟಿ ಉರೀತು. ಮಲಾಡಿಗೆ ಹೋದಾಕಿ ಒಂದು ತಗೊಂಡು ಬಂದೆ." ಸ್ವಲ್ಪ ತಡೆದು ಹೇಳಿದಳು, "ಆದ್ರ ಇದು ನನ್ನ ಹತ್ರಾನೂ ಬರಂಗಿಲ್ಲ. ಇಡೀ ದಿನಾ ಪಲಂಗದ ಕೆಳಗ. ಎತ್ತಿಕೊಂಡ್ರ ಎದಿ ಢವಢವ ಅಂತದ. ನಾ ಎಲ್ಲಾ ಮಾಡಿ ನೋಡಿದೆ. ಅದಕ್ಕ ನಿನ್ನವ ಕೈಲೆ ತಿಂದಾಗ ಭಾಳ ಖುಷಿ ಆತು. ನೀ ಬೈದಿ."

ನನಗೆ ಮೊದಲು ಆದದ್ದು ಸಂತೋಷ, ಮರುಕ ಆಮೇಲೆ ಬಂತು. ಎಲ್ಲವೂ ತಾವಾಗಿ ಅವಳ ಕಡೆ ಹೋಗುತ್ತವೆ ಎಂದು ನಂಬಿದ್ದ ನನಗೆ, ಅವಳ ಬಳಿ ಬಾರದ ಒಂದು ವಸ್ತು ಈ ಲೋಕದಲ್ಲಿದೆ, ಅದೂ ಅವಳ ಸ್ವಂತದ್ದೇ ಎಂದು ಕೇಳಿ ಒಳಗೊಳಗೇ ತಂಪಾಯಿತು. "ಬರ್ತದ, ಇನ್ನೂ ಸಣ್ಣದದ," ಎಂದು ಬಾಯಿಯಲ್ಲಿ ಹೇಳಿದೆ.

ಅಷ್ಟರಲ್ಲಿ ಕರಿಯ ಎದ್ದು ಬಿಳಿಯ ಮುಂದೆ ಹೋದ. ನಾನು ಕಾಲುಚೀಲದ ಕೈ ಮುಂದೆ ಮಾಡಿದೆ. ಅವನು ಅಟ್ಟಲಿಲ್ಲ. ತಲೆ ತಗ್ಗಿಸಿ, ಗದ್ದವನ್ನು ನೆಲಕ್ಕೆ ಒತ್ತಿ, ಅದರ ಮೂಗಿನ ಕೆಳಗೆ ಮಲಗಿಬಿಟ್ಟ. ಬಿಳಿ ಬಹಳ ಹೊತ್ತು ಕಲ್ಲಿನಂತೆ ಇತ್ತು. ಆಮೇಲೆ ಅವನ ಹಣೆಯನ್ನು ಒಮ್ಮೆ ನೆಕ್ಕಿತು. ಮತ್ತೊಮ್ಮೆ. ಬಳಿಕ ಕಿವಿ, ಕಣ್ಣಿನ ಸುತ್ತ, ಮತ್ತೆ ಹಣೆ. ಅವನು ಕಣ್ಣು ಮುಚ್ಚಿದ. ತಂಗಿ ನನ್ನ ಮಂಡಿ ಹಿಡಿದು ಅದುಮಿದಳು, ಅವಳ ಕಣ್ಣಲ್ಲಿ ನೀರಿತ್ತು. ನಾನು ಮಾತ್ರ ಅವನ ಮುಚ್ಚಿದ ಕಣ್ಣನ್ನೇ ನೋಡುತ್ತಿದ್ದೆ. ನನ್ನ ಕೈ ಕೆಳಗೆ ಅವನು ಎಂದೂ ಹಾಗೆ ಕಣ್ಣು ಮುಚ್ಚಿರಲಿಲ್ಲ.

ಜಾಲರಿ ತೆಗೆದೆವು. ಹಾಲು ಮತ್ತೆ ಒಂದಾಯಿತು, ಅವ್ವನ ಟಿವಿ ಅವ್ವನಿಗೆ ಸಿಕ್ಕಿತು. ಮೊಲಗಳೆರಡೂ ಒಂದೇ ತಾಟಿನಲ್ಲಿ ತಿಂದು, ಒಂದಕ್ಕೊಂದು ಒರಗಿ ಮಲಗುತ್ತಿದ್ದವು. ಬಿಳಿ ಅವನ ಹಿಂದೆ ಹಿಂದೆ ಇಡೀ ಮನೆ ಸುತ್ತತೊಡಗಿತು, ಅದರ ನಡುಕ ನಿಂತಿತು, ಒಮ್ಮೊಮ್ಮೆ ತಂಗಿಯ ಕಾಲಿನ ಮೇಲೆ ಮುಂಗಾಲಿಟ್ಟು ನಿಲ್ಲುತ್ತಿತ್ತು. ಅವಳು ಉಸಿರು ಬಿಗಿಹಿಡಿದು ಅಲುಗಾಡದೆ ಕೂರುತ್ತಿದ್ದಳು. ನಾನು ಸಂಜೆ ಬಾಗಿಲು ತೆರೆದರೆ ಕರಿಯ ತಲೆ ಎತ್ತಿ ನೋಡುತ್ತಿದ್ದ. ಒಂದೊಂದು ದಿನ ಎದ್ದು ಬರುತ್ತಿದ್ದ. ಹೆಚ್ಚಿನ ದಿನ ಬಿಳಿಯ ಕುತ್ತಿಗೆಯ ಮೇಲೆ ಗದ್ದ ಇಟ್ಟು ಮತ್ತೆ ಮಲಗುತ್ತಿದ್ದ. ಒಂದು ಮೊಲದ ಮೇಲೆ ಸವತಿಯ ಮೇಲಿನಂಥ ಮತ್ಸರ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮಳೆಗಾಲ ಮುಗಿಯುವಾಗ ತಂಗಿಯ ಗಂಡ ಮಸ್ಕತ್ತಿನಿಂದ ಬಂದ. ಅವನ ಆಫೀಸು ಆ ಕಡೆಯೇ ಇದ್ದುದರಿಂದ ಮಲಾಡಿನಲ್ಲೇ ಬಾಡಿಗೆ ಮನೆ ಹಿಡಿದರು. ಗಂಟುಮೂಟೆ ಕಟ್ಟುವಾಗ ಮೊಲಗಳ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಅವ್ವನೇ ಕೇಳಿದಳು, "ಇವೆರಡರ ಗತಿ ಏನು?"

"ನಂದು ನಾ ಒಯ್ತೀನಿ," ಎಂದಳು ತಂಗಿ.

"ನಂದು ಇಲ್ಲೇ ಇರ್ತಾನ," ಎಂದೆ ನಾನು.

"ಅಗಲಿಸಬ್ಯಾಡ್ರಿ ಅಂದಿದ್ರಂತಲ್ಲ ಡಾಕ್ಟರು?"

ಎರಡನ್ನೂ ನೀನೇ ಒಯ್ಯಿ ಎನ್ನಲು ನಾನು ತಯಾರಿರಲಿಲ್ಲ, ಎರಡನ್ನೂ ಇಲ್ಲೇ ಬಿಡುತ್ತೇನೆ ಎನ್ನಲು ಅವಳು ತಯಾರಿರಲಿಲ್ಲ. ಬಿಳಿ ಪಂಜರದೊಳಗೆ ಹೋಯಿತು, ಟ್ಯಾಕ್ಸಿ ಹೋಯಿತು.

ಅಂದು ಸಂಜೆ ನಾನು ಹೊರಗಿನಿಂದ ಬಂದಾಗ ಕರಿಯ ಬಾಗಿಲ ಬಳಿ ಕುಳಿತಿದ್ದ. ನನಗಾಗಿ ಎಂದು ಒಂದು ಕ್ಷಣ ಎದೆ ಹಿಗ್ಗಿತು. ಬಾಗಿಲು ಮುಚ್ಚಿದ ಮೇಲೂ ಅವನು ಅಲ್ಲಿಯೇ ಕುಳಿತಿದ್ದ, ಬಾಗಿಲಿನ ಸಂದಿಗೆ ಮೂಗು ಹಚ್ಚಿ. ಕೊತ್ತಂಬರಿ ಹಿಡಿದೆ, ಮುಖ ತಿರುಗಿಸಿದ. ಮೂಲಂಗಿ ಸೊಪ್ಪು, ಬಾಳೆಹಣ್ಣಿನ ಚೂರು, ಯಾವುದೂ ಬೇಡ. ಮರುದಿನ ಬೆಳಿಗ್ಗೆ ತಾಟು ಹಾಗೆಯೇ ಇತ್ತು. ಮೊಲ ಉಪವಾಸ ಬಿದ್ದರೆ ಬೇಗ ಕೈಬಿಟ್ಟುಹೋಗುತ್ತದೆ, ಅದು ನನಗೆ ಗೊತ್ತಿತ್ತು. ಆಫೀಸಿಗೆ ರಜೆ ಹೇಳಿ ತಂಗಿಗೆ ಫೋನು ಮಾಡಿದೆ.

"ನಿಂದು ತಿನ್ನಾಕತ್ತದ ಏನು?"

"ಹೂಂ, ಮಸ್ತ್ ತಿಂತದ," ಎಂದಳು. "ನಿನ್ನವ?"

ಅದು ಅಲ್ಲಿ ಹೊಟ್ಟೆ ತುಂಬ ತಿನ್ನುತ್ತದೆ, ಇವನು ಇಲ್ಲಿ ಅದಕ್ಕಾಗಿ ಸಾಯುತ್ತಾನೆ. ಅವನ ಪರವಾಗಿ ನನಗೆ ಅವಮಾನವಾಯಿತು. "ಇವನೂ ತಿಂತಾನ," ಎಂದು ಫೋನು ಇಟ್ಟೆ.

ಅವ್ವ ಕರಿಯನ ಬೆನ್ನ ಮೇಲೆ ಕೈಯಾಡಿಸಿ, "ಹಟಾ ಸಾಕು ಮಗಳ. ಬುಟ್ಟಿ ತಗೋ," ಎಂದಳು.

ರಿಕ್ಷಾ ಹಿಡಿದೆ. ಚೆಂಬೂರಿನಿಂದ ಮಲಾಡಿನ ತನಕ ತಗ್ಗು ತೆವರು, ಟ್ರಾಫಿಕ್ಕು. ಬುಟ್ಟಿಯೊಳಗೆ ಕೈ ಇಟ್ಟು ಕುಳಿತಿದ್ದೆ, ಅವನು ಅಲುಗಲೂ ಇಲ್ಲ. ಬಾಗಿಲು ತೆರೆದ ತಂಗಿ ನನ್ನನ್ನೂ ಬುಟ್ಟಿಯನ್ನೂ ನೋಡಿ ಬದಿಗೆ ಸರಿದಳು. ಬಿಚ್ಚದ ರಟ್ಟಿನ ಪೆಟ್ಟಿಗೆಗಳ ನಡುವೆ ಬಿಳಿ ಗೋಡೆಗೆ ಮುಖ ಮಾಡಿ ಕುಳಿತಿತ್ತು. ಅದರ ಮುಂದೆ ಒಂದು ತಾಟು. ತಾಟಿನಲ್ಲಿ ಕೊತ್ತಂಬರಿ ಬಾಡಿ ಕಪ್ಪಾಗಿತ್ತು, ಒಂದು ಎಲೆಯೂ ಕಡಿದಿರಲಿಲ್ಲ.

"ಮಸ್ತ್ ತಿಂತದ ಅಂದಿ?" ಎಂದೆ.

"ನೀನೂ ಹಂಗ ಅಂದಿ," ಎಂದಳು. ಆಮೇಲೆ ಸಿಟ್ಟಿನಿಂದ, "ಮತ್ತೇನ್ ಹೇಳ್ಬೇಕಿತ್ತು? ತಿನವಲ್ದು ಅಂದ್ರ ನೀ ಬಂದು ಅದನ್ನ ಒಯ್ತಿದ್ದಿ. ಎಲ್ಲಾ ನಿನ್ನ ಹತ್ರ ಅದ. ಅವ್ವ ನಿನ್ನ ಹತ್ರ. ಮನಿ ನಿನ್ನ ಹತ್ರ. ಇದೊಂದರ ನನ್ನ ಹತ್ರ ಇರ್ಲಿ ಅಂದೆ," ಎಂದು ಅತ್ತಳು.

"ಅವ್ವ ನನ್ನ ಹತ್ರ?" ಎಂದೆ. "ಅವ್ವ ದಿನಾ ಮುಂಜಾನಿ ಎದ್ದು ಮೊದಲು ನಿನ್ನ ಹೆಸರ ತಗೊಂಡು ಆಮ್ಯಾಲ ಚಾ ಕುಡೀತಾಳ. ನನಗ ಇವನೊಬ್ಬನ ಇದ್ದ."

ಅವಳ ಗಂಡ ಅಡಿಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದವನು ಮೆಲ್ಲಗೆ, "ಅಕ್ಕಾರ, ಮೊದಲು ಅವನನ್ನ ಬುಟ್ಟಿಯಿಂದ ಬಿಡ್ರಿ," ಎಂದ.

ಬಿಟ್ಟೆ. ಕರಿಯ ಹೊಸ ನೆಲವನ್ನು ಮೂಸುತ್ತ ಹೋದ. ಬಿಳಿ ತಿರುಗಿತು. ಇಬ್ಬರೂ ಮೂಗಿಗೆ ಮೂಗು ತಾಗಿಸಿ ನಿಂತರು. ಮತ್ತೆ ಅವನು ತಲೆ ತಗ್ಗಿಸಿದ, ಅದು ನೆಕ್ಕಿತು. ಬಹಳ ಹೊತ್ತಿನ ಮೇಲೆ ಇಬ್ಬರೂ ತಂಗಿ ಹೊಸದಾಗಿ ತಂದಿಟ್ಟ ಸೊಪ್ಪಿಗೆ ಬಾಯಿ ಹಾಕಿದರು. ನಾವು ಮೂವರೂ ಚಹಾ ಆರಿಸಿಕೊಂಡು ಅವು ತಿನ್ನುವ ಸದ್ದು ಕೇಳುತ್ತ ಕುಳಿತೆವು.

ಸಂಜೆ ಹೊತ್ತಿಗೆ ನಿರ್ಧಾರ ಮಾಡಬೇಕಾಯಿತು. "ಎರಡನ್ನೂ ನೀನೇ ಒಯ್ಯಿ ಅಕ್ಕಾ," ಎಂದು ಈ ಸಲ ತಂಗಿ ಹೇಳಿದಳು. ಮನಸ್ಸು ಪಂಜರ ಎತ್ತಿಕೋ ಎಂದಿತು. ಆದರೆ ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಅವ್ವನ ಮೊಣಕಾಲು ಎರಡು ಮೊಲಗಳ ಹಿಂದೆ ಬಗ್ಗುವಂಥದಲ್ಲ. ಇವಳು ದಿನವಿಡೀ ಮನೆಯಲ್ಲಿರುತ್ತಾಳೆ. ಇದು ಲೆಕ್ಕದ ಮಾತು, ಉದಾರತನ ಏನೂ ಅಲ್ಲ. "ಇಲ್ಲೇ ಇರ್ಲಿ," ಎಂದೆ. ಹೇಳುವಾಗ ಅವಳ ಮೇಲಿದ್ದ ಹೊಟ್ಟೆಕಿಚ್ಚು ಒಂದು ಗುಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಕೊಡುವವರ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ನನ್ನದು ಆಗಲಿಲ್ಲ.

ನಾನು ಎದ್ದಾಗ ಕರಿಯ ಏಳಲಿಲ್ಲ. ಮಲಾಡ್ ಸ್ಟೇಷನ್ನಿನಲ್ಲಿ ಖಾಲಿ ಬುಟ್ಟಿ ಹಿಡಿದು ಲೋಕಲ್ ಹತ್ತಿದೆ. ಸೀಟು ಸಿಕ್ಕಿತು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾದರಿನ ತನಕ ಅತ್ತೆ. ಲೇಡೀಸ್ ಡಬ್ಬಿಯಲ್ಲಿ ಅಳುವವರನ್ನು ಯಾರೂ ಏನೂ ಕೇಳುವುದಿಲ್ಲ, ಎದುರಿನ ಹೆಂಗಸು ಮಾತ್ರ ತನ್ನ ನೀರಿನ ಬಾಟಲಿ ಚಾಚಿದಳು.

ಆಮೇಲಿನ ವಾರಗಳಲ್ಲಿ ತಂಗಿ ಕಳಿಸಿದ ವಿಡಿಯೋಗಳನ್ನು ನಾನು ತೆರೆಯಲಿಲ್ಲ. ಅವ್ವ ತನ್ನ ಫೋನಿನಲ್ಲಿ ದನಿ ಜೋರು ಮಾಡಿ ನೋಡುತ್ತಿದ್ದಳು. ಇನ್ನೊಂದು ಮೊಲ ತಂದುಕೋ ಎಂದು ಆಫೀಸಿನವರೂ ಮಾಮಿಯೂ ಹೇಳಿದರು. ಬೇಡ ಎಂದೆ. ಮೊಲ ಬೇಕೆಂಬ ಆಸೆ ನನಗೆ ಇರಲೇ ಇಲ್ಲ, ನನಗೆ ಬೇಕಾಗಿದ್ದವನು ಅವನು. ಭಾನುವಾರಗಳಂದು ಅವ್ವನನ್ನು ಕರೆದುಕೊಂಡು ಮಲಾಡಿಗೆ ಹೋಗುವುದು ರೂಢಿಯಾಯಿತು. ಕರಿಯ ನನ್ನ ಕೈ ಮೂಸಿ, ಮಣಿಕಟ್ಟಿಗೆ ಒಮ್ಮೆ ನಾಲಿಗೆ ತಾಗಿಸಿ, ಬಿಳಿಯ ಪಕ್ಕಕ್ಕೆ ವಾಪಸು ಹೋಗುತ್ತಿದ್ದ. ಅವ್ವ, ತಂಗಿ, ಅವಳ ಗಂಡ ಊಟಕ್ಕೆ ಕುಳಿತು ಕರೆದರೂ ನಾನು ಅವನ ಬಳಿಯೇ ಕುಳಿತಿರುತ್ತಿದ್ದೆ.

ಹೋದ ತಿಂಗಳು ತಂಗಿ, ಅವಳ ಗಂಡ ಇಬ್ಬರೂ ಒಂದು ಮದುವೆಗೆಂದು ಧಾರವಾಡಕ್ಕೆ ಹೋಗಬೇಕಾಯಿತು. "ಅಕ್ಕಾ, ನಮ್ಮ ಮನ್ಯಾಗ ಬಂದು ಇರ್ತೀ? ಬ್ಯಾರೆ ಯಾರ ಮ್ಯಾಲೂ ಭರೋಸಾ ಇಲ್ಲ ನನಗ," ಎಂದಳು. ರಜೆ ಹಾಕಿ ಹೋದೆ. ಮಧ್ಯಾಹ್ನ ಹೊತ್ತು, ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದೆ. ಕರಿಯ ಕಿಟಕಿಯ ಬಿಸಿಲಿನಲ್ಲಿ ನಿದ್ದೆ ಮಾಡುತ್ತಿದ್ದ. ಬಿಳಿ ಮೆಲ್ಲಗೆ ಬಂದು ನನ್ನ ತೊಡೆಯ ಪಕ್ಕ ಕುಳಿತಿತು. ನಾನು ಅದನ್ನು ಅಲ್ಲಿಯವರೆಗೆ ಮನಸ್ಸಿಟ್ಟು ಮುಟ್ಟಿದವಳಲ್ಲ. ಅಂದು ಹಣೆಯ ಮೇಲೆ ಬೆರಳಾಡಿಸಿದೆ. ಅದು ನಡುಗಲಿಲ್ಲ. ತಲೆ ತಗ್ಗಿಸಿ ಇನ್ನೂ ಬೇಕು ಎಂದಿತು.

ಸ್ವಲ್ಪ ಹೊತ್ತಿಗೆ ಕರಿಯನಿಗೆ ಎಚ್ಚರವಾಯಿತು. ನಮ್ಮಿಬ್ಬರನ್ನೂ ನೋಡಿದ. ದಡದಡ ಓಡಿ ಬಂದು, ನನ್ನ ಕೈಯ ಕೆಳಗೆ ಮೂತಿ ತೂರಿಸಿ, ಅದನ್ನು ಮೇಲಕ್ಕೆ ಎತ್ತಿ ಎಸೆದ. ನಾನು ಮತ್ತೆ ಬಿಳಿಯ ತಲೆಯ ಮೇಲೆ ಕೈ ಇಟ್ಟೆ. ಅವನು ಮತ್ತೆ ಎಸೆದ, ಈ ಸಲ ಗುರ್ ಎಂಬ ಸದ್ದು ಬೇರೆ. ಆಮೇಲೆ ನನ್ನ ತೊಡೆಗೂ ಬಿಳಿಗೂ ನಡುವೆ ತನ್ನ ಇಡೀ ಮೈಯನ್ನು ತುರುಕಿ, ನನಗೆ ಬೆನ್ನು ಮಾಡಿ ಕುಳಿತುಬಿಟ್ಟ.

ನನಗೆ ಒಬ್ಬಳಿಗೇ ನಗು ಬಂತು. ಫೋನು ಹಚ್ಚಿದೆ. ಆ ಕಡೆ ಮದುವೆ ಮನೆಯ ವಾಲಗ.

"ಏನಾತಕ್ಕಾ? ಎಲ್ಲಾ ಠೀಕ್ ಅದ ಇಲ್ಲ?" ಎಂದು ತಂಗಿ ಗಾಬರಿಯಿಂದ ಕೇಳಿದಳು.

"ಎಲ್ಲಾ ಠೀಕ್ ಅದ," ಎಂದೆ. "ನಿನ್ನ ಮೊಲಾ ನನ್ನ ಹತ್ರ ಬಂದು ಕುಂತಿತ್ತು. ಕರಿಯಗ ನನ್ನ ಮ್ಯಾಲ ಹೊಟ್ಟಿಕಿಚ್ಚು ಆಗ್ಯದ."

ವಾಲಗದ ಸದ್ದು ದೂರವಾಯಿತು, ಅವಳು ಹೊರಗೆ ಬಂದಿರಬೇಕು. "ನಿನ್ನ ಹತ್ರ ತಾನ ಆಗಿ ಬಂತಾ? ನೀ ಕರೀಲಾರದ?" ಎಂದಳು.

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. "ಹೂಂ, ತಾನ ಆಗಿ ಬಂತು," ಎಂದೆ, ಸ್ವಲ್ಪ ನಿಧಾನವಾಗಿಯೇ.